ಅಂಟಿಸಿದ ಚೀಟಿಯ ಹಿಂಬದಿ

ಗೋಂದಿನ ವಾಸನೆ, ಮತ್ತೆ ಅದೇ, ಎಲುಬು ಬೇಯಿಸಿ ತೆಗೆದ ಗೋಂದು, ಕಿಟಕಿ ತೆರೆದಿಟ್ಟರೂ ಹೋಗುವುದಿಲ್ಲ, ಮೊದಲೆಲ್ಲ ಹಿಟ್ಟಿನ ಅಂಟು ಕಲಸುತ್ತಿದ್ದೆವು, ತಿನ್ನುವುದಕ್ಕೇ ಹಿಟ್ಟಿಲ್ಲ ಇನ್ನು ಕಾಗದಕ್ಕೆ ಬಳಿಯುವುದೆಲ್ಲಿಂದ ಎಂದು ಸರ್ಕಾರ ಆಜ್ಞೆ ಹೊರಡಿಸಿದ ಮೇಲೆ ಈ ಹಾಳು ನಾತ, ಬಟ್ಟೆಗೆ, ಕೂದಲಿಗೆ, ಬೆರಳ ಸಂದಿಗೆ — ಹೊರಗೆ ಕಲ್ಲಿದ್ದಲ ಹೊಗೆ, ಕೆಳಗೆ ನದಿ, ನದಿಯ ಮೇಲೆ ಡರ್ಹಮ್ಮಿನ ದೊಡ್ಡ ಚರ್ಚು ಎಂದಿನಂತೆ ಕೂತಿದೆ, ಕೂತಿರಲಿ, ಅದಕ್ಕೇನು ಬಂತು. ಹತ್ತು ನಿಮಿಷ ಎಂದರು ಮಿಸ್ಟರ್ ಪೈಬಸ್, ನಮ್ಮ ಇಂಗ್ಲಿಷ್ ನಿಘಂಟಿನ ಸಂಪಾದಕರು, ಎಪ್ಪತ್ತೆರಡು ವರ್ಷದ ಮುದುಕ, ಹತ್ತೇ ನಿಮಿಷ ಮಿಸೆಸ್ ಫೆನ್ವಿಕ್, ಬೈಂಡರ್ ಹತ್ರ ಮೂಳೆ ಚಾಕು ಇದೆ, ನಾನೇ ಹೋಗಿ ತರ್ತೀನಿ, ಒಣಗಿದ್ದನ್ನ ಒಣಗಿದ ಹಾಗೇ ಬಿಡಿಸ್ಬೇಕು, ಅಲ್ಲೀವರೆಗೂ ಅದನ್ನ ಮುಟ್ಟಬೇಡಿ. ಟೋಪಿ ಇಲ್ಲೇ ಮರೆತು ಹೋದರು, ಕೋಲೂರುವ ಸದ್ದು ಮೆಟ್ಟಿಲ ಮೇಲೆ ಒಂದೊಂದಾಗಿ ಇಳಿಯಿತು, ಇಳಿಜಾರಿನ ಕಲ್ಲುಹಾಸು, ಮಧ್ಯಾಹ್ನದ ಮಂಜು ಬೇರೆ, ಬೈಂಡರನ ಅಂಗಡಿ ಸೇತುವೆಯ ಆಚೆ, ಹತ್ತು ನಿಮಿಷವಂತೆ, ಆ ಕಾಲಿಗೆ ಅರ್ಧ ಗಂಟೆ. ಗಡಿಯಾರದಲ್ಲಿ ಎರಡೂ ಕಾಲು. ನನ್ನ ಮುಂದೆ ಒಂದು ದೊಡ್ಡ ಹಾಳೆ, ಹಾಳೆಯ ಮೇಲೆ ಸಾಲಾಗಿ ಏಳು ಚೀಟಿ ಅಂಟಿಸಿದೆ, ಏಳರ ಮೇಲೂ ನನ್ನದೇ ಅಕ್ಷರ, ಗುಂಡಗೆ, ಕಪ್ಪಗೆ, ಎಲ್ಲರೂ ಹೊಗಳುವ ಅಕ್ಷರ, ಕೊನೆಯ ಚೀಟಿಯ ಹಿಂಬದಿಯಲ್ಲಿ ಮಾತ್ರ ನನ್ನ ಮಗನ ಅಕ್ಷರ ಇದೆ, ಆಸ್ವಿನ್‌ನದು, ಅವನು ನನಗೆ ಬರೆದ ಕೊನೆಯ ಕಾಗದದ ಕೊನೆಯ ತುಂಡು, ಅದನ್ನು ನಾನು ಓದಿಲ್ಲ. ಓದಬೇಕು, ಅಷ್ಟೇ, ಇನ್ನೇನೂ ಬೇಡ ನನಗೆ. ಮುಟ್ಟಬೇಡಿ ಎಂದಿದ್ದಾರೆ, ಮುಟ್ಟುವುದಿಲ್ಲ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೇನೆ.

ಕೂತು ಏನು ಮಾಡಲಿ, ಕಣ್ಣು ತಾನಾಗಿ ಹಾಳೆಯ ತಲೆಗೆ ಹೋಗುತ್ತದೆ, ಅಲ್ಲಿ ಆ ಪದ, ಸಾರೋ, ದುಃಖ, ನಾಮಪದ, ಅದರ ಕೆಳಗೆ ನಾನೇ ಕಟ್ಟಿದ ವಿವರಣೆ, ನಷ್ಟದಿಂದಲೋ ನಿರಾಶೆಯಿಂದಲೋ ಮನಸ್ಸಿಗಾಗುವ ನೋವು, ಆಹಾ, ಎಷ್ಟು ಚೊಕ್ಕ, ಎಷ್ಟು ಅಚ್ಚುಕಟ್ಟು, ಬರೆದ ದಿನ ಬೆನ್ನು ತಟ್ಟಿಕೊಂಡಿದ್ದೆ. ಇಪ್ಪತ್ತೆರಡು ವರ್ಷ ಪದಗಳ ಹೊಟ್ಟೆ ಬಗೆದು ನೋಡಿದ ಹೆಂಗಸು ನಾನು, ಗಂಡ ತೀರಿಹೋದ ಮೇಲೆ ಆಸ್ವಿನ್‌ನನ್ನು ಸಾಕಿದ್ದು ಇದೇ ಕೆಲಸದಲ್ಲಿ, ಯಾವ ಪದ ಯಾವ ಊರಿನಿಂದ ಬಂತು, ಯಾರ ಮನೆಯಲ್ಲಿ ಉಂಡು ಬೆಳೆಯಿತು ಎಂದು ಕೇಳಿ, ಹೇಳುತ್ತೇನೆ. ಗ್ರೀಫ್ ಎನ್ನುವುದು ಫ್ರೆಂಚರ ಕಡೆಯಿಂದ ಬಂದದ್ದು, ಅದರ ಬೇರಿನಲ್ಲಿ ಭಾರ ಎಂಬ ಅರ್ಥ, ಬೆನ್ನ ಮೇಲೆ ಹೊರುವ ದುಃಖ ಅದು, ಹೊರೆ ಎಂದಮೇಲೆ ಎಲ್ಲಾದರೂ ಇಳಿಸಬಹುದು. ಸಾರೋ ಹಾಗಲ್ಲ, ಅದು ಮನೆಯಲ್ಲೇ ಹುಟ್ಟಿದ್ದು, ಸಾವಿರ ವರ್ಷದ ಹಿಂದೆ ಸೊರ್ಗ್ ಎನ್ನುತ್ತಿದ್ದರು, ದುಃಖವೂ ಹೌದು, ಚಿಂತೆಯೂ ಹೌದು, ಕಾಳಜಿಯೂ ಹೌದು, ಬದುಕಿರುವವನ ಮೇಲೆ ಜೀವ ಇಟ್ಟುಕೊಂಡು ತಳಮಳಿಸುವುದಕ್ಕೂ ಸತ್ತವನಿಗಾಗಿ ಅಳುವುದಕ್ಕೂ ಹಳಬರಿಗೆ ಒಂದೇ ಪದ ಸಾಕಾಗಿತ್ತು. ಜರ್ಮನ್ನರು ಅದೇ ಪದದಲ್ಲಿ ಚಿಂತೆಯನ್ನು ಇಟ್ಟುಕೊಂಡರು, ನಾವು ದುಃಖವನ್ನು ಇಟ್ಟುಕೊಂಡೆವು, ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ. ಇನ್ನೂ ಹಿಂದೆ ಹೋದರೆ ಲಿಥುವೇನಿಯಾದವರಲ್ಲಿ ಕಾಯಿಲೆ ಬೀಳುವುದು ಎಂಬ ಅರ್ಥ, ಸಂಸ್ಕೃತದಲ್ಲೂ ಒಂದು ನಂಟಿದೆಯಂತೆ, ಪೈಬಸ್‌ಗೆ ಅನುಮಾನ, ಪ್ರಶ್ನಾರ್ಥಕ ಹಾಕಿ ಬಿಡಿ ಎಂದರು. ಮತ್ತು ಸಾರಿ, ಜನ ದಿನಕ್ಕೆ ಹತ್ತು ಸಲ ಅನ್ನುವ ಸಾರಿ, ಇದರ ತಂಗಿಯಂತೆ ಕಾಣುತ್ತದೆ, ಅಲ್ಲ, ಅದು ಬೇರೆ ಮನೆಯದು, ಅದರ ಬೇರು ಹುಣ್ಣು, ಗಾಯ, ಪಕ್ಕಪಕ್ಕದಲ್ಲಿ ಬಾಳಿ ಮುಖ ಒಂದೇ ತರ ಆಗಿದೆ ಅಷ್ಟೆ. ಎಲ್ಲ ಗೊತ್ತು ನನಗೆ. ಈ ಊರಿನ ಒಬ್ಬ ಮಹಾಶಯ ಪತ್ರಿಕೆಗೆ ಬರೆದ, ಯುದ್ಧ ನಡೆಯುವಾಗ ನಿಘಂಟಿನಲ್ಲಿ ಶತ್ರುಗಳ ಪದ ಯಾಕೆ, ಕಿತ್ತುಹಾಕಿ ಎಂದು, ಪೈಬಸ್ ಅದನ್ನು ಓದಿ ಕನ್ನಡಕ ಒರೆಸಿಕೊಂಡು, ಪದಗಳಿಗೆ ಯೂನಿಫಾರಂ ತೊಡಿಸೋಕೆ ನನಗೆ ಬರಲ್ಲ ಎಂದರು, ನಾವೆಲ್ಲ ನಕ್ಕೆವು, ನಾನೂ ನಕ್ಕೆ.

ಆಸ್ವಿನ್‌ಗೂ ಅದನ್ನು ಬರೆದು ತಿಳಿಸಿದ್ದೆ, ಅವನು ನಕ್ಕು ಉತ್ತರ ಬರೆದಿದ್ದ, ಯಾವಾಗಲೂ ಹಾಗೆಯೇ, ಕಾಗದದ ಒಂದೇ ಬದಿಗೆ ಬರೆಯುತ್ತಿದ್ದ, ಬೇಕೆಂದೇ. ಯುದ್ಧಭೂಮಿಯ ಕಂದಕದಲ್ಲಿ ಬೇರೆ ಹುಡುಗರು ಎರಡೂ ಬದಿ ತುಂಬಿಸಿ ಅಂಚಿನಲ್ಲೂ ಸುತ್ತಿ ಬರೆಯುತ್ತಿದ್ದರೆ ಇವನು ಹಿಂಬದಿಯನ್ನು ನನಗಾಗಿ ಖಾಲಿ ಬಿಡುತ್ತಿದ್ದ. ಯಾಕೆಂದರೆ ನಮ್ಮದು ಚೀಟಿಯ ಕೆಲಸ, ಹಳೆಯ ಪುಸ್ತಕಗಳಿಂದ, ದಸ್ತಾವೇಜುಗಳಿಂದ ಒಂದೊಂದು ಪದಕ್ಕೂ ಸಾಲು ಹೆಕ್ಕಿ ಚೀಟಿಯಲ್ಲಿ ಬರೆಯಬೇಕು, ಸಾವಿರಾರು ಚೀಟಿ, ಲಕ್ಷಗಟ್ಟಲೆ ಚೀಟಿ, ಯುದ್ಧ ಬಂದು ಕಾಗದಕ್ಕೆ ಬರ ಬಂದಾಗ ಸಿಕ್ಕಿದ್ದನ್ನೆಲ್ಲ ಕತ್ತರಿಸತೊಡಗಿದೆವು, ಚರ್ಚಿನ ಹಳೆಯ ಕರಪತ್ರ, ಸಕ್ಕರೆಯ ಪೊಟ್ಟಣ, ಬೀಜದಂಗಡಿಯ ಜಾಹೀರಾತು, ಖಾಲಿ ಬದಿ ಇದ್ದರೆ ಸಾಕು. ಅಮ್ಮ, ನನ್ನ ಕಾಗದಗಳನ್ನೂ ಕತ್ತರಿಸು, ಓದಿದ ಮೇಲೆ ಇಟ್ಟುಕೊಂಡು ಏನು ಮಾಡ್ತೀಯ, ನನ್ನ ಕೊಚ್ಚೆ ಕಥೆ ಒಂದು ಬದಿ, ದೊಡ್ಡ ದೊಡ್ಡವರ ಮಾತು ಇನ್ನೊಂದು ಬದಿ, ನನಗೆ ಇದಕ್ಕಿಂತ ಮರ್ಯಾದೆ ಬೇಕಾ ಎಂದು ಬರೆದಿದ್ದ. ಅವನೇ ಹೇಳಿದ್ದು. ಕತ್ತರಿಸಿದೆ, ಎರಡು ವರ್ಷದ ಕಾಗದಗಳನ್ನೆಲ್ಲ ಕತ್ತರಿಸಿದೆ, ಅಡ್ಡಡ್ಡ ಮೂರು ತುಂಡು, ಒಂದು ಹಾಳೆಗೆ ಮೂರು ಚೀಟಿ, ಅಳತೆ ಹಿಡಿದು ಮಾಡಿಸಿದಂತೆ ಸರಿಹೋಗುತ್ತಿತ್ತು. ಈಗ ಆಫೀಸಿನ ಗೋಡೆಗೆ ಬಡಿದ ನೂರಾರು ಚೀಟಿಗೂಡುಗಳಲ್ಲಿ ಅವನು ಚದುರಿ ಬಿದ್ದಿದ್ದಾನೆ, ಉಪ್ಪು ಎಂಬ ಪದದ ಹಿಂದೆ ಅವನ ಹಲ್ಲುನೋವು, ಕುರಿ ಎಂಬ ಪದದ ಹಿಂದೆ ನಾನು ಕಳಿಸಿದ ಬಟಾಣಿ ಪುಡಿಯ ಹೊಗಳಿಕೆ, ಹಡಗು ಎಂಬುದರ ಹಿಂದೆ ಅವನ ಗೆಳೆಯನ ಸಾವು. ಬೇರೆ ತಾಯಂದಿರು ಕಾಗದಗಳಿಗೆ ರಿಬ್ಬನ್ ಕಟ್ಟಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಾನು ಅಕ್ಷರಾನುಕ್ರಮದಲ್ಲಿ ಇಟ್ಟೆ.

ರಜೆಗೆ ಬಂದಿದ್ದ, ಮೂರು ದಿನ, ಸೆಪ್ಟೆಂಬರಿನಲ್ಲಿ, ಕೆನ್ನೆ ಒಳಕ್ಕೆ ಹೋಗಿತ್ತು, ಸೊರಗಿ ಕಡ್ಡಿಯಾಗಿದ್ದ, ಬಂದವನು ಅಡುಗೆಮನೆಯ ಒಲೆಯ ಮುಂದೆ ಕೂತವನು ಏಳಲಿಲ್ಲ. ಕೊನೆಯ ಸಂಜೆ, ಊಟಕ್ಕೆ ಮುಂಚೆ, ಮೇಜಿನ ಮೇಲೆ ಒಂದು ಕಡೆ ಆಲೂಗಡ್ಡೆ ಬೆರೆಸಿದ ಯುದ್ಧದ ರೊಟ್ಟಿ, ಇನ್ನೊಂದು ಕಡೆ ನನ್ನ ಚೀಟಿಗಳು, ಇದೇ ಪದದ ಚೀಟಿಗಳು, ಮುಗಿಸಿಕೊಡಬೇಕಾದ ಗಡುವು ಹತ್ತಿರ ಬಂದಿತ್ತು, ಅವನು ಇದ್ದಕ್ಕಿದ್ದಂತೆ ಹೇಳತೊಡಗಿದ. ಶೆಲ್ ಬಿದ್ದು ಆದ ಗುಂಡಿಯೊಂದರಲ್ಲಿ ಇಡೀ ಹಗಲು ಸಿಕ್ಕಿಕೊಂಡಿದ್ದನಂತೆ, ತಲೆ ಎತ್ತಿದರೆ ಗುಂಡು, ಗುಂಡಿಯಲ್ಲಿ ಇನ್ನೊಬ್ಬ, ಜರ್ಮನ್ ಹುಡುಗ, ಹದಿನೆಂಟೂ ಇರಲಿಕ್ಕಿಲ್ಲ, ಒಂದು ಕಾಲೇ ಇಲ್ಲ, ಸಂಜೆಯವರೆಗೆ ಜೀವ ಹಿಡಿದುಕೊಂಡಿದ್ದ. ನಾನು ಚೀಟಿ ಜೋಡಿಸುತ್ತಲೇ ಕೇಳುತ್ತಿದ್ದೆ, ಕೇಳುತ್ತಿರಲಿಲ್ಲ, ಅಯ್ಯೋ ಪಾಪ ಎಂದಿರಬೇಕು. ಕೊನೇಲಿ ಏನೋ ಒಂದೇ ಮಾತು ಹೇಳ್ತಾ ಇದ್ದ ಅಮ್ಮ, ನನ್ನ ಮುಖ ನೋಡ್ಕೊಂಡು, ಕೈನ ಜೊರ್ಗ, ಕೈನ ಜೊರ್ಗ ಅಂತ, ಏನದು? ಆಗ, ಆಗ ಮಾತ್ರ ನನ್ನ ಕಿವಿ ನೆಟ್ಟಗಾಯಿತು. ನನ್ನ ಮುಂದಿದ್ದ ಪದವೇ ಕಂದಕದಿಂದ ಎದ್ದು ಅಡುಗೆಮನೆಗೆ ಬಂದಿತ್ತಲ್ಲ, ಎಷ್ಟು ಖುಷಿಯಾಯಿತು, ದೇವರೇ, ಖುಷಿಯಾಯಿತು ನನಗೆ, ಏನಂದ, ಇನ್ನೊಂದ್ಸಲ ಹೇಳು, ಉದ್ದ ಎಳೆದನಾ, ಯಾವ ಕಡೆಯ ಹುಡುಗ, ಎಂದೆಲ್ಲ ಕೇಳಿ ಪೆನ್ಸಿಲ್ ತೆಗೆದು ಬರೆದುಕೊಂಡೆ. ಅದು ನಮ್ಮ ಸಾರೋನ ಒಡಹುಟ್ಟಿದ್ದು ಕಣೋ, ಅವರಲ್ಲಿ ಚಿಂತೆ ಅಂತ ಅರ್ಥ, ಕೈನ ಅಂದ್ರೆ ಬೇಡ, ಚಿಂತೆ ಮಾಡಬೇಡ ಅಂತ ನಿನಗೆ ಹೇಳಿದಾನೆ ಅಷ್ಟೆ. ನನಗಾ, ಎಂದ ಅವನು, ನನಗೆ ಹೇಳಿದ್ನಾ? ಮತ್ಯಾರಿಗೆ ಎಂದೆ ನಾನು, ತಲೆ ಎತ್ತದೆ, ಮತ್ತೆ ಅದರ ಮೇಲೆ ಲಿಥುವೇನಿಯಾ, ಅದರ ಮೇಲೆ ಸಾರಿ ಬೇರೆ ಸಾರೋ ಬೇರೆ ಎಂಬ ನನ್ನ ಪಾಠ, ಕಾಲು ಗಂಟೆ ಹೇಳಿದೆ. ತಲೆ ಎತ್ತಿದಾಗ ಅವನು ಅಂಗಳದ ಬಾಗಿಲಿನಲ್ಲಿ ನಿಂತಿದ್ದ, ಬೆನ್ನು ನನ್ನ ಕಡೆ, ರೊಟ್ಟಿ ಹಾಗೇ ಇತ್ತು. ಹಸಿವಿಲ್ಲ ಎಂದ. ಮರುದಿನ ಬೆಳಗಿನ ರೈಲಿಗೆ ಹೋದ, ನಿಲ್ದಾಣದಲ್ಲಿ ನಾನು ಅವನ ಕಾಲರ್ ಸರಿಮಾಡಿದೆ.

ಆಮೇಲೆ ಬಂದ ಕಾಗದ, ಕೊನೆಯದು, ಒಂದು ಗುರುವಾರ ಬಂತು, ಮೂರು ಹಾಳೆ, ಇಲ್ಲೇ ಈ ಮೇಜಿನಲ್ಲೇ ತೆರೆದೆ, ಮೊದಲ ಎರಡರಲ್ಲಿ ಮಳೆ, ಇಲಿ, ಸಾರ್ಜೆಂಟನ ಅಣಕ, ಓದಿ ನಕ್ಕೆ, ಮೂರನೆಯದು ಅಮ್ಮ, ಆ ಸಂಜೆ ನಾನು ಹೇಳಿದ್ದರ ಬಗ್ಗೆ ಎಂದು ಶುರುವಾಗಿತ್ತು. ಓದಲಿಲ್ಲ. ಕೆಲಸವಿತ್ತು ಎಂದು ಹೇಳಬಹುದು, ಬೇರೆಯವರಿಗೆ ಹೇಳಬಹುದು, ನನಗೇ ಸುಳ್ಳು ಹೇಳಿಕೊಂಡು ಏನು ಸುಖ, ಹೆದರಿಕೆ ಅದು, ಆ ಬಾಗಿಲಿನಲ್ಲಿ ನಿಂತ ಬೆನ್ನು ನೆನಪಾಯಿತು, ನಾನು ಏನೋ ತಪ್ಪು ಮಾಡಿದ್ದೇನೆ ಎಂದು ಹೊಟ್ಟೆಯೊಳಗೆ ಗೊತ್ತಿತ್ತು, ಭಾನುವಾರ ನಿಧಾನವಾಗಿ ಓದೋಣ ಎಂದು ಮಡಿಸಿ ಅದೇ ಎರಡು ಹಾಳೆಗಳ ಜೊತೆ ಡ್ರಾಯರಿಗೆ ಹಾಕಿದೆ. ಆ ಸಂಜೆಯೇ ಅವನಿಗೆ ಒಂದು ಪೊಟ್ಟಣ ಕಟ್ಟಿದೆ, ಎರಡು ಜೊತೆ ಕಾಲುಚೀಲ, ಒಣದ್ರಾಕ್ಷಿ ಇಲ್ಲದ ಕೇಕು, ಜೊತೆಗೆ ಒಂದು ಪುಟ, ಕಾಲು ಒಣಗಿಸಿಕೋ, ಇಲ್ಲಿ ಎಲ್ಲ ಕ್ಷೇಮ, ಗಡುವಿನ ಕೆಲಸ ಜೋರಾಗಿದೆ. ಶನಿವಾರ ನಮ್ಮಲ್ಲಿ ಕತ್ತರಿಸುವ ದಿನ, ವಾರವಿಡೀ ಕೂಡಿಟ್ಟ ಕಾಗದವನ್ನು ಹಿಂಬದಿ ಮೇಲೆ ಮಾಡಿ ಪೇರಿಸಿ, ದೊಡ್ಡ ಕತ್ತರಿಯಲ್ಲಿ ಒಟ್ಟಿಗೆ ಅಡ್ಡಡ್ಡ, ನಾನು ಡ್ರಾಯರಿಗೆ ಕೈ ಹಾಕಿ ಸಿಕ್ಕಿದ್ದನ್ನು ತೆಗೆದು ಪೇರಿಸಿದೆ, ಯಾರೋ ಮಾತಾಡಿಸುತ್ತಿದ್ದರು, ಯಾವುದೋ ಪದದ ತಕರಾರು. ಭಾನುವಾರ ಕಾಗದ ಆಫೀಸಿನಲ್ಲೇ ಉಳಿಯಿತಲ್ಲ, ಸೋಮವಾರ ನೋಡೋಣ ಎಂದುಕೊಂಡೆ, ಎಷ್ಟು ಹಗುರವಾಯಿತು ಮನಸ್ಸಿಗೆ, ಸೋಮವಾರ ಪುರುಸೊತ್ತಾಗಲಿಲ್ಲ, ಹೊಸದಾಗಿ ಕತ್ತರಿಸಿದ ಚೀಟಿಗಳ ಕಟ್ಟಿನಿಂದ ಮೇಲಿನಿಂದ ಮೇಲೆ ಎಳೆದು ಸಾರೋ ಪದಕ್ಕೆ ಉಳಿದಿದ್ದ ಸಾಲುಗಳನ್ನು ಬರೆದೆ, ಬರೆದೆ, ಒಂದನ್ನೂ ತಿರುಗಿಸಿ ನೋಡಲಿಲ್ಲ. ತಿರುಗಿಸಿ ನೋಡುವ ಅಭ್ಯಾಸವೇ ಇಲ್ಲ ನಮಗೆ, ಹಿಂಬದಿ ನಮ್ಮ ಕೆಲಸಕ್ಕೆ ಸಂಬಂಧಿಸಿದ್ದಲ್ಲ.

ಅದೇ ಸೋಮವಾರ, ಬೆಳಿಗ್ಗೆ, ಅವನು ಸತ್ತದ್ದು. ನನಗೆ ಗೊತ್ತಾಗಿದ್ದು ಎಂಟು ದಿನದ ಮೇಲೆ, ಅಂಚೆಯ ಹೆಂಗಸು ಕಂದು ಲಕೋಟೆ ಕೊಟ್ಟು ನನ್ನ ಮುಖ ನೋಡದೆ ಹೋದಳು, ಅಚ್ಚಾದ ಫಾರಮ್ಮು, ಹೆಸರಿನ ಜಾಗದಲ್ಲಿ ಮಾತ್ರ ಕೈಬರಹ. ಪೊಟ್ಟಣ ಶನಿವಾರವೇ ಸಿಕ್ಕಿತ್ತಂತೆ, ಅವನ ಜೊತೆಯವನು ಬರೆದಿದ್ದಾನೆ, ಕೇಕು ಹಂಚಿಕೊಂಡು ತಿಂದೆವು ತಾಯಿ, ಹೊಸ ಕಾಲುಚೀಲ ಹಾಕಿಕೊಂಡೇ ಹೋದ ಎಂದು. ಮರುದಿನ ಬುಧವಾರ ಏಳು ಗಂಟೆಗೇ ಆಫೀಸಿಗೆ ಓಡಿಬಂದೆ, ಡ್ರಾಯರ್ ಖಾಲಿ, ನಿಂತಲ್ಲೇ ಎಲ್ಲ ಅರ್ಥವಾಯಿತು. ಮಗ ಸತ್ತ ಸುದ್ದಿ ಬಂದ ಮರುದಿನವೇ ಕೆಲಸಕ್ಕೆ ಬಂದಳಲ್ಲ, ಕಲ್ಲು, ಕಲ್ಲಿನ ಹೆಂಗಸು ಎಂದು ಆಫೀಸಿನವರು ತಮ್ಮತಮ್ಮಲ್ಲೇ ಪಿಸುಗುಟ್ಟಿದರು, ಕಸ ಗುಡಿಸುವ ಪೆಗ್ ಗೌಲೆಂಡ್ ಮಾತ್ರ ಮುಖಕ್ಕೇ ಹೇಳಿದಳು, ಹಿನ್ನಿ ಎಂದರೆ ಈ ಕಡೆಯವರ ಬಾಯಲ್ಲಿ ಚಿನ್ನ, ಮನೇಗ್ ಹೋಗ್ ಹಿನ್ನಿ, ಮನೇಗ್ ಹೋಗಿ ಬಾಯ್ಬಿಟ್ಟು ಅತ್ಕೋ, ಈ ಚೀಟಿಗಳೇನು ನಿನ್ನ ಹೊತ್ಕೊಂಡ್ ಹೋಗ್ತಾವಾ. ನಾನು ಗೂಡುಗಳನ್ನು ಒಂದೊಂದಾಗಿ ತೆಗೆದು ಚೀಟಿಗಳನ್ನು ತಿರುಗಿಸುತ್ತ ಹೋದೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹಿಂಬದಿ ನೋಡುತ್ತ. ನಿನ್ನೆ ಸಂಜೆಗೆ ಮುಂಚೆ ಮೇಲಿನ ತುಂಡು ಸಿಕ್ಕಿತು — ಅಮ್ಮ, ಆ ಸಂಜೆ ನಾನು ಹೇಳಿದ್ದರ ಬಗ್ಗೆ. ನೀನು ಆ ಮಾತಿನ ಅರ್ಥ ಹೇಳಿದಾಗಿನಿಂದ ನಿದ್ದೆ ಇಲ್ಲ. ನಿನಗೆ ಪೂರ್ತಿ ಹೇಳಿರಲಿಲ್ಲ. ಅವನ ಬಾಟಲಿಯಲ್ಲಿ ನೀರು ಇರಲಿಲ್ಲ, ನನ್ನದರಲ್ಲಿ ಇತ್ತು. ಇಂದು ಬೆಳಿಗ್ಗೆ ನಡುವಿನ ತುಂಡು — ಕೈ ಸನ್ನೆ ಮಾಡಿ ಕೇಳಿದ. ಎಷ್ಟು ಹೊತ್ತು ಇರಬೇಕಾಗುತ್ತೋ ಗೊತ್ತಿರಲಿಲ್ಲ, ನನಗೇ ಬೇಕಾಗುತ್ತೆ ಅಂತ ಇಲ್ಲ ಅಂದೆ. ಅವನ ಎದುರೇ ಎರಡು ಸಲ ಕುಡಿದೆ. ಅದಾದ ಮೇಲೆ ಅವನು ಆ ಮಾತು ಹೇಳಿದ್ದು. ಕತ್ತಲಾದ ಮೇಲೆ ವಾಪಸು ಬಂದೆ, ಬಾಟಲಿಯಲ್ಲಿ ಇನ್ನೂ ಅರ್ಧ ಇತ್ತು ಅಮ್ಮ. ಇದನ್ನ ನಿನಗಲ್ಲದೆ ಯಾರಿಗೂ ಹೇಳಲಾರೆ. ಉಪದೇಶ ಬೇಡ, ದೊಡ್ಡ ಕಾಗದ ಬೇಡ. ಒಂದೇ ಒಂದು ಸಾಲು ಬರಿ, ಏನು ಬರೀಬೇಕು ಅಂತ ನಾನೇ ಹೇಳ್ತೀನಿ, ಅದನ್ನ ನಿನ್ನ ಅಕ್ಷರದಲ್ಲಿ ನೋಡಿದ್ರೆ ನನಗೆ ಸಾಕು. ನೀನು ಬರೀಬೇಕಾದ್ದು ಇಷ್ಟೇ — ಅಲ್ಲಿಗೆ ಕತ್ತರಿ. ಅಲ್ಲಿಗೆ ನನ್ನ ಕತ್ತರಿ, ನೇರವಾಗಿ, ಒಂದು ಕೂದಲೂ ಸೊಟ್ಟಗಿಲ್ಲದೆ.

ಒಂದು ಸಾಲು ಕೇಳಿದ ಮಗನಿಗೆ ಕಾಲುಚೀಲ ಕಳಿಸಿದೆ. ಶನಿವಾರ ಪೊಟ್ಟಣ ಬಿಚ್ಚಿ ನನ್ನ ಪುಟ ತಿರುಗಿಸಿ ಮುರುಗಿಸಿ ಹುಡುಕಿರಬೇಕು, ಕಾಲು ಒಣಗಿಸಿಕೋ, ಎಲ್ಲ ಕ್ಷೇಮ, ಅಮ್ಮ ಓದಿದ್ದಾಳೆ, ಓದಿಯೂ ಹೀಗೆ ಬರೆದಿದ್ದಾಳೆ, ನನ್ನನ್ನು ಕೈಬಿಟ್ಟಳು ಎಂದೇ ತಿಳಿದಿರಬೇಕು, ಹಾಗೆ ತಿಳಿದೇ ಸೋಮವಾರ ಹೋಗಿರಬೇಕು, ಅಯ್ಯೋ ನನ್ನ ಕಂದ, ನಾನು ಓದಿರಲಿಲ್ಲ ಕಣೋ. ಆ ಸಾಲು ಏನಾಗಿತ್ತು, ಪರವಾಗಿಲ್ಲ ಎಂದಾ, ನಿನ್ನ ತಪ್ಪಿಲ್ಲ ಎಂದಾ, ಅಲ್ಲ, ತಪ್ಪಿಲ್ಲ ಎಂದು ಅವನು ಬರೆಸುವವನಲ್ಲ, ನಿನ್ನ ತಪ್ಪೇ ಹೌದು ಎಂದಾ, ಆದರೂ ಮನೆಗೆ ಬಾ ಎಂದಾ, ಬಾಯಾರಿಕೆ ಎಲ್ಲರಿಗೂ ಒಂದೇ ಎಂದಾ, ಈ ಕೋಣೆಯಲ್ಲಿ ಲಕ್ಷ ಸಾಲುಗಳಿವೆ, ರಾಜರದು, ಪಾದ್ರಿಗಳದು, ಗಲ್ಲಿಗೇರಿದವರದು, ಅದೊಂದು ಮಾತ್ರ ಇಲ್ಲ, ಅದು ಏಳನೇ ಚೀಟಿಯ ಹಿಂದಿದೆ. ಏಳನೇ ಚೀಟಿಯ ಮುಂಬದಿಯಲ್ಲಿ ಒಬ್ಬ ಉಣ್ಣೆ ವ್ಯಾಪಾರಿಯ ಉಯಿಲಿನ ಸಾಲು, ನಾಲ್ಕು ನೂರು ವರ್ಷ ಹಳೆಯದು, ಹೆಂಡತಿಗೆ ಮನೆಯ ದುಃಖವನ್ನೂ ಬಿಟ್ಟುಹೋಗುತ್ತಿದ್ದೇನೆ ಎಂದು. ಬೇರೆಯವರಾಗಿದ್ದರೆ ಚೀಟಿಯ ಮೇಲಂಚಿಗೆ ಒಂದು ಚೂರು ಅಂಟು ತಾಗಿಸುತ್ತಿದ್ದರು, ಎತ್ತಿ ಇಣುಕಬಹುದಿತ್ತು, ನಾನು ಅಚ್ಚುಕಟ್ಟಿನವಳಲ್ಲವೇ, ಹಾಳೆಯ ಮೇಲೆ ಅಡಿಕೋಲು ಇಟ್ಟು ನಾಲ್ಕೂ ಅಂಚಿಗೆ ದಪ್ಪಗೆ ಗೋಂದು ಎಳೆದು ಚೀಟಿಯನ್ನು ಮೇಲಿಂದ ಒತ್ತಿದ್ದೇನೆ, ಚೌಕಟ್ಟು ಹಾಕಿದಂತೆ, ಬೆರಳು ನುಗ್ಗುವ ಸಂದಿಲ್ಲ. ಅರ್ಧ ಗಂಟೆಯ ಹಿಂದೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಏಳನೆಯದರ ಹಿಂದೆ ಅವನ ಅಕ್ಷರ, ಓದಲಾಗದಷ್ಟು ಮಸುಕಾಗಿ, ಕಣ್ಣಿಗೆ ಬಿತ್ತು, ಕೂಗಿಕೊಂಡೆನಂತೆ, ಪೈಬಸ್ ಓಡಿಬಂದರು, ಮೂರು ದಿನ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ, ನೀರಿನ ಬಾಟಲಿಯ ಮಾತೊಂದು ಬಿಟ್ಟು, ಅದು ಅವನು ನನಗೊಬ್ಬಳಿಗೆ ಹೇಳಿದ್ದು. ಮುದುಕ ನನ್ನ ಹೆಗಲ ಮೇಲೆ ಕೈ ಇಟ್ಟರು, ಸಂಜೆ ಮುದ್ರಣಾಲಯದವರು ಬಂದ್ರೆ ಬರಲಿ, ಈ ಹಾಳೆ ಹೋಗಲ್ಲ, ಹತ್ತೇ ನಿಮಿಷ ಎಂದರು. ಎರಡು ಮೂವತ್ತೈದು. ಮೆಟ್ಟಿಲಲ್ಲಿ ಸದ್ದಿಲ್ಲ.

ಹನ್ನೆರಡು ದಿನ ಓದದೆ ಇಟ್ಟವಳು ಇನ್ನು ಹತ್ತು ನಿಮಿಷ ತಾಳಲಾರೆಯಾ, ತಾಳುತ್ತೇನೆ, ಅಂಚನ್ನು ಉಗುರಿನಲ್ಲಿ ಒಂದಿಷ್ಟು ಕೆದಕಿ ನೋಡುತ್ತೇನೆ ಅಷ್ಟೆ, ಬರುವುದಿಲ್ಲ, ಕಲ್ಲಾಗಿದೆ, ಈ ಗೋಂದು ನೀರಿಗೆ ಕರಗುತ್ತದೆ, ಪಕ್ಕದ ಬಟ್ಟಲಲ್ಲಿ ನೀರಿದೆ, ಸ್ಪಂಜ್ ಇದೆ, ಅಂಚಿಗೆ ಮಾತ್ರ, ಒಳಗೆ ತಾಗದ ಹಾಗೆ, ಬಲಗಡೆಯ ಅಂಚಿಗೆ ಮಾತ್ರ ಒಂದು ಒತ್ತು, ಇನ್ನೊಂದು, ಮೆತ್ತಗಾಗುತ್ತಿದೆ, ನೋಡು, ಮೂಲೆ ಎದ್ದಿತು, ಚಾಕು ಯಾಕೆ ಬೇಕು, ಕೆಳಗಿನ ಅಂಚಿಗೆ ಇನ್ನಷ್ಟು ನೀರು, ಬಂತು ಆಸ್ವಿನ್, ಬಂದೆ, ಇರು — ಇದೇನು, ಅಂಚಿನಲ್ಲಿ ಬಣ್ಣ, ನೇರಳೆ ಬಣ್ಣ, ಸ್ಪಂಜಿನ ಮೂಲೆಯಲ್ಲೂ ನೇರಳೆ, ಎಲ್ಲಿಂದ ಬಂತು, ಒರೆಸಿದರೆ ಇನ್ನೂ ಹರಡುತ್ತದೆ, ನನ್ನ ಮಸಿ ಕಪ್ಪು, ಇದು ನೇರಳೆ, ಅವನ ಪೆನ್ಸಿಲ್, ದಂಡಿನವರಿಗೆಲ್ಲ ಕೊಡುವ ಆ ಪೆನ್ಸಿಲ್ — ಗೌಲೆಂಡ್ ಹೇಳಿದ್ದಳು. ಹೇಳಿದ್ದಳು ನನಗೆ, ಹೋದ ವರ್ಷ, ಇದೇ ಬಾಗಿಲಲ್ಲಿ ಪೊರಕೆ ಹಿಡಿದು ನಿಂತು, ನಮ್ಮ ಹುಡುಗನ ಕಾಗದ ಹಿಡ್ಕೊಂಡು ಅತ್ತೆ ಹಿನ್ನಿ, ಕಣ್ಣೀರು ಬಿದ್ದಲ್ಲೆಲ್ಲ ಅಕ್ಷರ ನೇರಳೆ ಹಣ್ಣಿನ ರಸದಂಗೆ ಹರಿದು ಎಲ್ಲ ಕ್ಲಾರ್ಟಿ ಆಗ್ಹೋಯ್ತು, ಒಂದು ಅಕ್ಷರ ಉಳೀಲಿಲ್ಲ, ನೀನಾದ್ರೂ ಜೋಪಾನ. ನಾನು ಏನು ಮಾಡಿದೆ, ಕ್ಲಾರ್ಟಿ, ಊರಮಾತು, ರಾಡಿ ಎಂಬ ಅರ್ಥದಲ್ಲಿ, ಎಂದು ಚೀಟಿ ತೆಗೆದು ಬರೆದುಕೊಂಡೆ, ಅವಳಿಗೆ ಥ್ಯಾಂಕ್ಸ್ ಕೂಡ ಹೇಳಿದೆ. ಎಳೆದುಬಿಟ್ಟೆ, ಪೂರ್ತಿ ಬಂದುಬಿಟ್ಟಿತು ಕೈಗೆ, ಹಿಂಬದಿ, ಎಲ್ಲಿ, ಬೆಳಕಿಗೆ ಹಿಡಿದೆ, ಮೇಲೊಂದು ಗೀಟು ಇತ್ತು, ಒಂದು ಅಕ್ಷರದ ಕೊಂಬು ಇತ್ತು, ನೋಡುತ್ತಿರುವಾಗಲೇ ಅದೂ ಇಳಿಯಿತು, ಊದಿದೆ, ಅಂಗಿತೋಳಿನ ತುದಿಯಲ್ಲಿ ಒತ್ತಿದೆ, ಒತ್ತಬಾರದಿತ್ತು, ನೇರಳೆ, ಬೆರಳೆಲ್ಲ ನೇರಳೆ, ಬಟ್ಟಲಿನ ನೀರು ನೇರಳೆ, ನಾನು ಬರೀಬೇಕಾದ್ದು ಇಷ್ಟೇ, ಇಷ್ಟೇ, ತಿರುಗಿಸಿದರೆ ಈ ಕಡೆ ನನ್ನ ಅಕ್ಷರ, ಗುಂಡಗೆ, ಕಪ್ಪಗೆ, ಉಣ್ಣೆ ವ್ಯಾಪಾರಿಯ ದುಃಖ, ಒಂದು ಚುಕ್ಕೆಯೂ ಕದಲಿಲ್ಲ, ಒಳ್ಳೆಯ ಮಸಿ ನಮ್ಮದು, ಎಷ್ಟು ನೀರಿಗೂ ಹೋಗುವುದಿಲ್ಲ, ಕೆಳಗೆ ಬಾಗಿಲು ಸದ್ದಾಯಿತು, ಕೋಲು, ಮೆಟ್ಟಿಲು, ಒಂದು, ಎರಡು, ಚಾಕು ಸಿಕ್ತು ಮಿಸೆಸ್ ಫೆನ್ವಿಕ್ ಎಂದು ಕೆಳಗಿನಿಂದಲೇ ಹೇಳುತ್ತಿದ್ದಾರೆ, ತಿರುಗಿಸುತ್ತೇನೆ, ನೇರಳೆ, ತಿರುಗಿಸುತ್ತೇನೆ, ನನ್ನ ಅಕ್ಷರ, ತಿರುಗಿಸುತ್ತೇನೆ, ನೇರಳೆ